ಹಳೆ ಕ್ಯಾಬಿನೆಟ್‌ಗೆ ಬಣ್ಣ: ಎಲ್ಲಿ ಹೊಡೆಯಬೇಕು, ಎಲ್ಲಿ ಹೊಡೆಯಬಾರದು

ಹಳೆ ಡೆಸ್ಕ್‌ಟಾಪ್ ಕ್ಯಾಬಿನೆಟ್ ಗಟ್ಟಿಮುಟ್ಟಾಗಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಮದರ್‌ಬೋರ್ಡ್, ಕ್ಯಾಬಿನೆಟ್ ಎರಡಕ್ಕೂ ಹೊಂದುವ ಎಟಿಎಕ್ಸ್ ಎಂಬ ಅಳತೆ 1995ರಲ್ಲಿ ಬಂದದ್ದು. ಬೋರ್ಡಿನ ಸ್ಕ್ರೂ ಜಾಗಗಳು ಇಂದಿಗೂ ಅವೇ. ಹಾಗಾಗಿ ಹೊಸ ಮದರ್‌ಬೋರ್ಡ್ ಕೂಡ ಅದರೊಳಗೆ ನೆಟ್ಟಗೆ ಕೂರುತ್ತದೆ. ಅದಕ್ಕೂ ಹಿಂದಿನ ಎಟಿ ಕ್ಯಾಬಿನೆಟ್ ಮಾತ್ರ ಬೇರೆ. ಅದರ ಮುಂದಿನ ಸ್ವಿಚ್ಚಿಗೆ 230 ವೋಲ್ಟ್ ನೇರವಾಗಿ ಬರುತ್ತದೆ. ಆ ಸ್ವಿಚ್ಚು, ಅದರ ದಪ್ಪ ವೈರು ಎರಡನ್ನೂ ತೆಗೆದು ಹಾಕಿದ ಮೇಲೆಯೇ ಮುಂದಿನ ಕೆಲಸ.

ಬಣ್ಣಕ್ಕಿಂತ ಮೊದಲು ಕೊರೆಯುವ, ಕತ್ತರಿಸುವ ಕೆಲಸ ಮುಗಿಯಬೇಕು. ಒಳಗಿನದನ್ನೆಲ್ಲ ಹೊರಗೆ ತೆಗೆಯಿರಿ. ಲೋಹದ ಒಂದು ಸಣ್ಣ ಚೂರು ಬೋರ್ಡಿನ ಮೇಲೆ ಉಳಿದರೂ ಶಾರ್ಟ್ ಆಗುತ್ತದೆ. ಹಾರ್ಡ್ ಡಿಸ್ಕ್ ಕೂರುವ ಗೂಡು ಗಾಳಿಗೆ ಅಡ್ಡ ಬರುತ್ತಿದ್ದರೆ ರಿವಿಟ್ ಕೊರೆದು ಬಿಚ್ಚಬಹುದು. 3.2 ಮಿ.ಮೀ. ಬಿಟ್ ಹಾಕಿ, ರಿವಿಟ್‌ನ ತಲೆ ಕಳಚುವವರೆಗೆ ಮಾತ್ರ ಕೊರೆಯಿರಿ. ತೂತು ದೊಡ್ಡದಾದರೆ ಮರುಜೋಡಣೆಗೆ 4 ಮಿ.ಮೀ. ರಿವಿಟ್ ಬೇಕಾಗುತ್ತದೆ.

ಹಳೆ ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯವಾಗಿ 80 ಮಿ.ಮೀ. ಫ್ಯಾನಿಗೆ ಜಾಗ ಇರುತ್ತದೆ. ಏಪ್ರಿಲ್, ಮೇ ತಿಂಗಳ ವಿಜಯಪುರದ ಕಾವಿಗೆ ಅದು ಸಾಲದು. 120 ಮಿ.ಮೀ. ಫ್ಯಾನಿಗೆ ಸುಮಾರು 115 ಮಿ.ಮೀ. ಅಗಲದ ತೂತು, ನಾಲ್ಕು ಮೂಲೆಗೆ 4.5 ಮಿ.ಮೀ. ಸ್ಕ್ರೂ ತೂತು ಬೇಕು. ಸ್ಕ್ರೂ ನಡುವಿನ ಅಂತರ 105 ಮಿ.ಮೀ. ಕತ್ತರಿಸುವ ಗೆರೆಯ ಎರಡೂ ಬದಿಗೆ ಟೇಪ್ ಅಂಟಿಸಿ, ಜಿಗ್‌ಸಾಗೆ ಲೋಹದ ಸಣ್ಣ ಹಲ್ಲಿನ ಬ್ಲೇಡ್ ಹಾಕಿ ನಿಧಾನವಾಗಿ ನಡೆಸಿ. ಅಂಚನ್ನು ಅರದಿಂದ ಉಜ್ಜದೆ ಬಿಟ್ಟರೆ ಬೆರಳೂ ಕೊಯ್ಯುತ್ತದೆ, ವೈರೂ ಸುಲಿಯುತ್ತದೆ. ಮುಂದೆ ಎರಡು ಫ್ಯಾನ್ ಒಳಗೆಳೆದು ಹಿಂದೆ ಒಂದು ಹೊರಗೆ ದೂಡುವಂತಿರಲಿ. ಒಳಗೆ ಬರುವ ಗಾಳಿ ಹೆಚ್ಚಿದ್ದರೆ ಎರೆಮಣ್ಣಿನ ಧೂಳು ಸಂದುಗಳಿಂದ ನುಸುಳುವುದಿಲ್ಲ, ಮುಂದಿನ ನೈಲಾನ್ ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ಉಜ್ಜುವ ಕೆಲಸ. ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೆಗೆದು ಒಣಗಿಸಿ. ಜಿಡ್ಡಿನ ಮೇಲೆಯೇ ಉಜ್ಜಿದರೆ ಅದು ಗೀರುಗಳೊಳಗೆ ಇಳಿಯುತ್ತದೆ. ಹಳೆ ಬಣ್ಣ ಗಟ್ಟಿಯಿದ್ದರೆ ಪೂರ್ತಿ ಕೆರೆಯುವುದು ವ್ಯರ್ಥ ಶ್ರಮ, 320 ನಂಬರಿನ ವಾಟರ್ ಪೇಪರ್‌ನಿಂದ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಜಂಗು ಹಿಡಿದ ಕಡೆ ಮಾತ್ರ 180ರಿಂದ ಬರಿ ಲೋಹ ಕಾಣುವವರೆಗೆ ತೆಗೆಯಿರಿ. ಕ್ಯಾಬಿನೆಟ್ಟಿನ ಒಳಭಾಗದ ಬೂದುಬಣ್ಣದ ತಗಡಿಗೆ ಸತುವಿನ ಲೇಪ ಇರುತ್ತದೆ. ಅದರ ಮೇಲೆ ನೇರವಾಗಿ ಎನಾಮಲ್ ಬಳಿದರೆ ಸತುವಿನ ಜೊತೆ ಎಣ್ಣೆಯಂಶ ಸೇರಿ ಸಾಬೂನಿನಂಥ ಪದರ ಹುಟ್ಟುತ್ತದೆ, ಕೆಲವು ತಿಂಗಳಲ್ಲಿ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಅಲ್ಲಿಗೆ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಇಲ್ಲವೇ ಎಪಾಕ್ಸಿ ಪ್ರೈಮರ್ ಬೇಕೇ ಬೇಕು.

ಬಣ್ಣ ಹೊಡೆಯಬಾರದ ಜಾಗಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚುವುದನ್ನು ಬಹಳ ಮಂದಿ ಹಗುರವಾಗಿ ಕಾಣುತ್ತಾರೆ. ಆದರೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಪವರ್ ಸಪ್ಲೈ ಕೂರುವ ಚೌಕ, ಅದರ ನಾಲ್ಕು ಸ್ಕ್ರೂಗಳ ಸುತ್ತ, ಮದರ್‌ಬೋರ್ಡಿನ ಹಿತ್ತಾಳೆ ಕಾಲುಗಳ ಬುಡ, ಕೇಬಲ್ ಚುಚ್ಚುವ ಕಿಂಡಿಗಳಿರುವ ಹಿಂದಿನ ಐ/ಓ ತಗಡು ತಾಗುವ ಅಂಚು ಇವೆಲ್ಲ ಬರಿ ಲೋಹವಾಗಿಯೇ ಉಳಿಯಬೇಕು. ಅರ್ಥ್ ಹರಿಯುವುದು ಆ ದಾರಿಯಲ್ಲೇ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ಕೂರುತ್ತದೆ. ಮುಟ್ಟಿದರೆ ಕೈ ಜುಮ್ಮೆನ್ನುವುದು ಅದಕ್ಕೇ. ಹೊಸ ಬಣ್ಣ ಆ ಜುಮ್ಮನ್ನು ಮುಚ್ಚುತ್ತದೆ, ದೋಷ ಮಾತ್ರ ಹಾಗೇ ಉಳಿಯುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥ್ ಇನ್ನೂ ದುರ್ಬಲವಾಗುವ ನಮ್ಮ ಕಡೆ ಇದನ್ನು ಮರೆಯುವಂತಿಲ್ಲ. ಸೈಡ್ ಪ್ಯಾನಲ್ ಜಾರಿ ಕೂರುವ ತೋಡುಗಳಿಗೂ ಟೇಪ್ ಹಚ್ಚಿ. ಅಲ್ಲಿ ಬಣ್ಣ ದಪ್ಪವಾದರೆ ಪ್ಯಾನಲ್ ಸಿಕ್ಕಿಬಿದ್ದು ಅಂಚು ಚಕ್ಕೆ ಏಳುತ್ತದೆ.

ಸ್ಪ್ರೇ ಮಾಡಲು ಇಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹೊತ್ತೇರಿ ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮುಂಚೆ ಮಾಡಿ. ಬೇಸಿಗೆಯ ಮಧ್ಯಾಹ್ನ ಹೊಡೆದರೆ ಹನಿ ತಗಡಿಗೆ ತಾಗುವ ಮುಂಚೆಯೇ ಅರೆಬರೆ ಒಣಗಿ ಮೈ ಉಸುಕುಸುಕಾಗುತ್ತದೆ. ಮಳೆಗಾಲದ ತೇವಕ್ಕೆ ಕ್ಲಿಯರ್ ಕೋಟ್ (ಕೊನೆಯ ಪಾರದರ್ಶಕ ಪದರ) ಬಿಳಿಚಿಕೊಳ್ಳುತ್ತದೆ. ಗಾಳಿಗೆ ಮರೆಯಾದ, ಎರಡೂ ಕಡೆ ಬಾಗಿಲು ತೆರೆದ ಜಾಗ ನೋಡಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ಹತ್ತಿರ ಒಲೆ, ದೀಪ ಇರಬಾರದು; ಮೂಗಿಗೆ ಬಟ್ಟೆ ಸಾಲದು, ಕಾರ್ಬನ್ ಫಿಲ್ಟರಿನ ಮಾಸ್ಕ್ ಬೇಕು.

ಹೊರಮೈ ಮಾತ್ರ ಆದರೆ 400 ಮಿ.ಲೀ. ಡಬ್ಬಿಗಳಲ್ಲಿ ಪ್ರೈಮರ್ ಒಂದು, ಬಣ್ಣ ಎರಡು, ಕ್ಲಿಯರ್ ಒಂದು ಸಾಕಾಗುತ್ತದೆ. ಒಳಗೂ ಬೇಕೆಂದರೆ ಹೆಚ್ಚುಕಡಿಮೆ ಇಮ್ಮಡಿ. ಪ್ಯಾನಲನ್ನು ಮಲಗಿಸಿ, 20ರಿಂದ 25 ಸೆಂ.ಮೀ. ದೂರದಿಂದ ಹೊಡೆಯಿರಿ. ಕೈ ಪ್ಯಾನಲಿನ ಆಚೆಯೇ ಶುರುವಾಗಿ ಆಚೆಯೇ ನಿಲ್ಲಲಿ. ಮೊದಲ ಕೋಟಿನಲ್ಲಿ ಪ್ರೈಮರ್ ಇಣುಕುತ್ತಿದ್ದರೆ ಅದೇ ಸರಿ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಅಂಚಿನಲ್ಲಿ ಇಳಿಯುತ್ತದೆ. 10-15 ನಿಮಿಷ ಬಿಟ್ಟು ಮತ್ತೊಂದು, ಹೀಗೆ ಮೂರು ಕೋಟು. ಎನಾಮಲ್ ಆದರೆ ಎಲ್ಲ ಕೋಟು ಒಂದು ಗಂಟೆಯೊಳಗೆ ಮುಗಿಸಿ, ಇಲ್ಲವೇ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಪೂರ್ತಿ ಕಾಯಿರಿ. ನಡುವೆ ಹೊಡೆದರೆ ಕೆಳಗಿನ ಅರೆಒಣ ಪದರ ಉಬ್ಬಿ ಸುಕ್ಕುಗಟ್ಟುತ್ತದೆ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೂ ಇದೇ ಗತಿ.

ಮುಂದಿನ ಪ್ಲಾಸ್ಟಿಕ್ ಮುಖಕ್ಕೆ ಥಿನ್ನರ್ ತಾಗಿಸಬೇಡಿ, ಕರಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅರಿವೆ ಅದ್ದಿ ಒರೆಸಿ, 600ರಿಂದ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹಾಕಿ.

ಬಣ್ಣ ಕೈಗೆ ಅಂಟದಿದ್ದರೂ ಒಳಗೆ ಮೆತ್ತಗೇ ಇರುತ್ತದೆ. ಒಂದು ವಾರ ಬಿಟ್ಟು ಜೋಡಿಸಿ. ಕೊನೆಗೆ ಪ್ಲಗ್ ಕಿತ್ತಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ ಇನ್ನೊಂದನ್ನು ಕ್ಯಾಬಿನೆಟ್ಟಿನ ಬರಿ ಸ್ಕ್ರೂಗೂ ಹಿಡಿಯಿರಿ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಹೆಚ್ಚು ಬಂದರೆ ಪವರ್ ಸಪ್ಲೈ ಸ್ಕ್ರೂಗಳ ಕೆಳಗಿನ ಬಣ್ಣವನ್ನು ಕೆರೆದು ಮತ್ತೆ ಅಳೆಯಿರಿ.