ಒಂದು ಒಪ್ಪಂದ, ಎರಡು ಅರ್ಥ

1245ರ ಏಪ್ರಿಲ್. ಇಂದಿನ ಸ್ಪೇನಿನ ವೆಲೆನ್ಸಿಯಾದ ದಕ್ಷಿಣದ ಬೆಟ್ಟಸೀಮೆಯ ಮುಸ್ಲಿಂ ನಾಯಕ ಅಲ್-ಅಜ್ರಕ್ ಮತ್ತು ಅರಗಾನಿನ ದೊರೆ ಮೊದಲನೆಯ ಜೌಮೆಯ ಮಗ ಅಲ್ಫೋನ್ಸ್ ಒಪ್ಪಂದ ಮಾಡಿಕೊಂಡರು. ಪತ್ರ ಒಂದೇ, ಭಾಷೆ ಎರಡು: ಅರಬ್ಬಿ ಮತ್ತು ಸ್ಪ್ಯಾನಿಷ್.

ಲೆಕ್ಕ ಹೀಗಿದೆ. ಒಟ್ಟು ಎಂಟು ಕೋಟೆ. ಪೋಪ್, ತಾರ್ಬೆನಾ ಎಂಬ ಎರಡು ಕೋಟೆ ಕೂಡಲೇ ರಾಜಕುಮಾರನಿಗೆ. ಅಲ್ಕಲಾ, ಪೆರ್ಪುಂಚೆಂತ್ ಅಲ್-ಅಜ್ರಕ್‌ಗೂ ಅವನ ವಂಶಕ್ಕೂ. ಉಳಿದ ನಾಲ್ಕು ಮೂರು ವರ್ಷ ಅವನ ಕೈಯಲ್ಲೇ, ಆಮೇಲೆ ಬಿಟ್ಟುಕೊಡಬೇಕು.

ಆದರೆ ಸ್ಪ್ಯಾನಿಷ್ ಸಾಲುಗಳು ಅವನನ್ನು ಶರಣಾದ ಸಾಮಂತ ಎನ್ನುತ್ತವೆ. ಅರಬ್ಬಿಯಲ್ಲಿ ಓದಿದರೆ ಅದು ಕೆಲಕಾಲದ ಕದನವಿರಾಮದಂತಿದೆ. ನನಗೆ ಇದು ಬರೀ ಅನುವಾದದ ಎಡವಟ್ಟು ಅನ್ನಿಸುವುದಿಲ್ಲ. ಎರಡೂ ಕಡೆಯವರಿಗೆ ತಮ್ಮವರ ಮುಂದೆ ತಲೆಯೆತ್ತಿ ಓದಲು ಒಂದೊಂದು ಮಾತು ಬೇಕಿತ್ತು. ಕೋಟೆಯೆಂದರೆ ಕಲ್ಲಿನ ಗೋಡೆ ಮಾತ್ರವಲ್ಲ. ಕೆಳಗಿನ ಕಣಿವೆಯ ಕಂದಾಯ, ಕಾವಲಿನವರ ಅನ್ನ, ಮನೆತನದ ಮಾನ ಎಲ್ಲವೂ ಅದರೊಳಗೇ.

ಮೂರು ವರ್ಷ ತುಂಬುವ ಮೊದಲೇ, 1247ರಲ್ಲಿ, ಅಲ್-ಅಜ್ರಕ್ ದಂಗೆ ಎದ್ದ. 1258ರಲ್ಲಿ ಸೋತು ಅವನು ಸೀಮೆ ಬಿಟ್ಟ. 1276ರಲ್ಲಿ ಮರಳಿ ಬಂದು ಅಲ್ಕೊಯ್ ಪಟ್ಟಣದ ಮೇಲೆ ದಾಳಿ ಮಾಡಿ ಅಲ್ಲೇ ಸತ್ತ. ಅಲ್ಕೊಯ್‌ನಲ್ಲಿ ಈಗಲೂ ಪ್ರತಿ ವಸಂತದಲ್ಲಿ ಆ ಕಾಳಗವನ್ನು ಹಬ್ಬವಾಗಿ ಆಡುತ್ತಾರೆ. ಬಣ್ಣದ ಉಡುಪು, ಮದ್ದಿನ ಸದ್ದು ಎಲ್ಲ ಇರುತ್ತದೆ. ಆ ನಾಲ್ಕು ಕೋಟೆಗಳಲ್ಲಿ ಮೂರು ವರ್ಷದ ಗಡುವಿಗೆ ದಿನ ಎಣಿಸುತ್ತ ಕೂತಿದ್ದ ಮನೆಗಳೇ ನನಗೆ ಹೆಚ್ಚು ನೆನಪಾಗುತ್ತವೆ.