ಕಾಪಿ ಮಾಡಿದ್ದು ಕೈತಪ್ಪದಿರಲಿ

ಲಿನಕ್ಸ್ ಬಳಸುವ ಗೆಳೆಯರೇ, ಕಾಪಿ ಮಾಡಿದ್ದನ್ನೆಲ್ಲ ಪಟ್ಟಿಯಾಗಿ ನೆನಪಿಡುವ ಕ್ಲಿಪ್‌ಮೆನು ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ವಿರಾಜಪೇಟೆಯಲ್ಲಿ ಕಾಫಿ ತೋಟದವರ ಲೆಕ್ಕಪತ್ರ ನೋಡುವ ನನಗೆ ಇದಿಲ್ಲದೆ ಕೆಲಸವೇ ಸಾಗುವುದಿಲ್ಲ. ಸರ್ವೆ ನಂಬರ್, ಐಎಫ್‌ಎಸ್‌ಸಿ ಕೋಡ್, ರೋಬಸ್ಟಾ ಚೆರ್ರಿ ಮಾರಿದ ಬಿಲ್ ನಂಬರ್, ಎಲ್ಲವನ್ನೂ ಕಾಪಿ ಮಾಡುತ್ತಾ ಹೋಗುತ್ತೇನೆ. ಬೇಕಾದಾಗ ಶಾರ್ಟ್‌ಕಟ್ ಒತ್ತಿದರೆ ಪಟ್ಟಿ ತೆರೆಯುತ್ತದೆ. ನಾಲ್ಕು ಅಕ್ಷರ ಟೈಪ್ ಮಾಡಿದರೆ ಬೆಳಿಗ್ಗೆ ಕಾಪಿ ಮಾಡಿದ್ದ ಕೋಡ್ ಎದುರಿಗೆ. ಎಂಟರ್ ಒತ್ತಿ ಪೇಸ್ಟ್ ಮಾಡುವುದು, ಅಷ್ಟೇ.

ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್11 ವ್ಯವಸ್ಥೆಯಲ್ಲಿ, ಕಾಪಿ ಮಾಡಿದ್ದು ಯಾವ ಪ್ರೋಗ್ರಾಂನಿಂದಲೋ ಅದರ ಹತ್ತಿರವೇ ಇರುತ್ತದೆ. ಪೇಸ್ಟ್ ಮಾಡುವಾಗಲೇ ಅದು ಕೈ ದಾಟುವುದು. ಅಷ್ಟರಲ್ಲಿ ಪ್ರೋಗ್ರಾಂ ಮುಚ್ಚಿದರೆ ಸಾಮಾನ್ಯವಾಗಿ ಹೋಯಿತು ಅಂತಲೇ ಲೆಕ್ಕ. ಕ್ಲಿಪ್‌ಮೆನು ಜೊತೆಗೇ ಬರುವ ಕ್ಲಿಪ್‌ಮೆನುಡಿ ಹಿನ್ನೆಲೆಯಲ್ಲಿ ಓಡುತ್ತಾ ಪ್ರತಿಯೊಂದನ್ನೂ ತೆಗೆದಿಡುತ್ತದೆ. ಪಟ್ಟಿ ತೋರಿಸುವ ಕೆಲಸ ಡಿಮೆನು ಎಂಬ ಪುಟ್ಟ ಮೆನು ಪ್ರೋಗ್ರಾಂನದು. ಅಂಥದ್ದೇ ಇನ್ನೊಂದಾದ ರೋಫಿ ಇಷ್ಟವಿದ್ದರೆ ಅದನ್ನೂ ಜೋಡಿಸಬಹುದು. ಹಳೇ ಲ್ಯಾಪ್‌ಟಾಪಿಗೂ ಭಾರ ಅನ್ನಿಸುವುದಿಲ್ಲ.

ಪಟ್ಟಿ ಸಾಮಾನ್ಯವಾಗಿ ತಾತ್ಕಾಲಿಕ ಫೋಲ್ಡರಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕೊಡಗಿನ ಕರೆಂಟ್ ಗೊತ್ತಲ್ವಾ? ಬ್ಯಾಟರಿ ಮುಗಿದು ಆಫ್ ಆದರೆ ಪಟ್ಟಿಯೂ ಖಾಲಿ. ಬೇಕಿದ್ದರೆ ಬೇರೆ ಫೋಲ್ಡರಿಗೆ ಬದಲಿಸಬಹುದು, ನಾನು ಬದಲಿಸಿಲ್ಲ. ಊರಿನವರು ನಂಬಿ ಕೊಟ್ಟ ಖಾತೆ ನಂಬರುಗಳು ಅವು. ದಿನದ ಕೆಲಸ ಮುಗಿದ ಮೇಲೆ ನನ್ನ ಹತ್ತಿರ ಸುಮ್ನೆ ಉಳಿಯುವುದು ಯಾಕೆ ಅನ್ನಿಸುತ್ತದೆ.

ಇನ್ನೊಂದು ಮಾತು. ಪಾಸ್‌ವರ್ಡ್ ಕಾಪಿ ಮಾಡಿದರೆ ಅದೂ ಪಟ್ಟಿಗೆ ಸೇರಿ, ಓದಲು ಬರುವ ಹಾಗೇ ಕೂರುತ್ತದೆ. ಬ್ಯಾಂಕ್ ಕೆಲಸಕ್ಕೆ ಮೊದಲು ಟರ್ಮಿನಲ್‌ನಲ್ಲಿ ‘ಕ್ಲಿಪ್‌ಸಿಟಿಎಲ್ ಡಿಸೇಬಲ್’ (clipctl disable) ಕಮಾಂಡ್ ಕೊಟ್ಟುಬಿಡಿ, ಪಟ್ಟಿಗೆ ಸೇರಿಸುವುದು ನಿಲ್ಲುತ್ತದೆ. ಮುಗಿದ ಮೇಲೆ ‘ಕ್ಲಿಪ್‌ಸಿಟಿಎಲ್ ಎನೇಬಲ್’ (clipctl enable) ಕೊಡಿ. ಈಗಾಗಲೇ ಸೇರಿದ್ದನ್ನು ಅಳಿಸಲು ಕ್ಲಿಪ್‌ಡೆಲ್ (clipdel) ಕಮಾಂಡ್ ಇದೆ.