ಸಾಂಬ್ರಾದಲ್ಲಿ ಕೊನೆಯ ಗಳಿಗೆಗೆ ಬದಲಾದ ರನ್‌ವೇ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇರುವುದು ಒಂದೇ ರನ್‌ವೇ. ಮೂಡಣಕ್ಕೆ ಮುಖ ಮಾಡಿ ಇಳಿದರೆ ಅದನ್ನು 08 ಎನ್ನುತ್ತೇವೆ, ಪಡುವಣಕ್ಕೆ ಮುಖ ಮಾಡಿ ಇಳಿದರೆ 26 ಎನ್ನುತ್ತೇವೆ. ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳಲ್ಲಿ ಕೊನೆಯ ಸೊನ್ನೆಯನ್ನು ಕೈಬಿಟ್ಟು ಬಂದ ಅಂಕಿಗಳಿವು. ಉದ್ದ 2,300 ಮೀಟರ್, ಸಮುದ್ರಮಟ್ಟದಿಂದ ಎತ್ತರ ಸುಮಾರು 2,490 ಅಡಿ. ವಿಮಾನ ಇಳಿಯುವುದು ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಪಡುವಣ ಗಾಳಿ ಜೋರಾಗಿರುವುದರಿಂದ 26 ಬಳಕೆಯಲ್ಲಿರುತ್ತದೆ. ದೀಪಾವಳಿಯ ಹೊತ್ತಿಗೆ ಗಾಳಿ ತಿರುಗಿದ ಮೇಲೆ 08 ಸಿಗುವುದೇ ಹೆಚ್ಚು. ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲಿಯೇ. ಆದ್ದರಿಂದ ಇಲ್ಲಿಯ ಗಾಳಿ, ಗುಡ್ಡ, ಹೊಲಗಳೆಲ್ಲ ನನಗೆ ಗೊತ್ತು ಎಂಬ ನಂಬಿಕೆಯಿಂದಲೇ ಹಲವು ವರ್ಷ ಇಲ್ಲಿಗೆ ವಿಮಾನ ತಂದಿದ್ದೆ. ಆ ನಂಬಿಕೆಯೇ ನನ್ನನ್ನು ತಪ್ಪು ದಾರಿಗೆ ಎಳೆದ ಒಂದು ಮುಂಜಾನೆಯ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ ತಿಂಗಳು. ಬೆಂಗಳೂರಿನಿಂದ ಹೊರಟ ನಮ್ಮ ಜೆಟ್ ವಿಮಾನ ಆಗ್ನೇಯ ದಿಕ್ಕಿನಿಂದ ಬೆಳಗಾವಿಯ ಕಡೆಗೆ ಇಳಿಯುತ್ತಿತ್ತು. ಬಳಕೆಯಲ್ಲಿದ್ದದ್ದು 08. ಅಂದರೆ ನಾವು ನಿಲ್ದಾಣದ ಪಕ್ಕದಿಂದ ಮುಂದಕ್ಕೆ ಹೋಗಿ, ಊರಿನ ಪಶ್ಚಿಮಕ್ಕೆ ಸುತ್ತಿ ಬಲಕ್ಕೆ ತಿರುಗಿ, ಊರಿನ ಕಡೆಯಿಂದ ಪೂರ್ವಾಭಿಮುಖವಾಗಿ ಇಳಿಯಬೇಕಿತ್ತು. ನಿಲ್ದಾಣ ಇನ್ನೂ 25 ನಾಟಿಕಲ್ ಮೈಲಿ (ಸುಮಾರು 46 ಕಿ.ಮೀ.) ದೂರವಿದ್ದಾಗ ನಾವು ಸಮುದ್ರಮಟ್ಟದಿಂದ 11,000 ಅಡಿ ಎತ್ತರದಲ್ಲಿದ್ದೆವು. ಸುತ್ತುವ ದಾರಿಯನ್ನೂ ಸೇರಿಸಿದರೆ 45 ಮೈಲಿಗೂ ಹೆಚ್ಚು ಹಾರಾಟ ಉಳಿದಿದ್ದರಿಂದ ಆ ಎತ್ತರ ಸರಿಯಾಗಿಯೇ ಇತ್ತು. ಆಗ ವಿಮಾನಗಳಿಗೆ ದಾರಿ ಹೇಳುವ ನಿಲ್ದಾಣದ ಟವರ್‌ನಿಂದ ಮಾತು ಬಂತು: ನೆಲದ ಮೇಲೆ ಗಾಳಿ ಹೆಚ್ಚುಕಡಿಮೆ ನಿಂತಿದೆ, 26ಕ್ಕೆ ನೇರವಾಗಿ ಬರುತ್ತೀರಾ? ಕೇಳಿದವರ ಉದ್ದೇಶ ನಮ್ಮ ದಾರಿಯನ್ನು ಕಡಿಮೆ ಮಾಡುವುದಷ್ಟೇ. ಅದು ಪ್ರಶ್ನೆಯೇ ಹೊರತು ಆದೇಶವಾಗಿರಲಿಲ್ಲ. ಸಹಪೈಲಟ್‌ನ ಮುಖವನ್ನೂ ನೋಡದೆ ನಾನು ಒಪ್ಪಿಕೊಂಡೆ.

ಒಪ್ಪುವ ಮೊದಲು ಮಾಡಬೇಕಿದ್ದ ಲೆಕ್ಕ ಬಾಯಿಲೆಕ್ಕದಷ್ಟೇ ಸುಲಭ. ಮೂರು ಡಿಗ್ರಿಯ ಇಳಿಜಾರಿನಲ್ಲಿ ವಿಮಾನ ಮೈಲಿಗೆ ಸುಮಾರು 300 ಅಡಿ ಇಳಿಯುತ್ತದೆ. 11,000ದಿಂದ ನೆಲದವರೆಗೆ ಇದ್ದ 8,500 ಅಡಿಯನ್ನು ಕಳೆಯಲು 28 ಮೈಲಿ ಬೇಕು. ವೇಗ ತಗ್ಗಿಸಲು ಇನ್ನೂ ಐದಾರು ಮೈಲಿ ಬೇಕು. ನಮ್ಮ ಮುಂದೆ ಇದ್ದದ್ದು 25. ಇದರ ಜೊತೆಗೆ ನಾನು ಗಮನಿಸದೆ ಬಿಟ್ಟ ಇನ್ನೊಂದು ಸಂಗತಿಯಿತ್ತು. ನೆಲದ ಮೇಲೆ ಗಾಳಿ ನಿಂತಿದ್ದರೂ ಮೇಲೆ ಮೂಡಣ ಗಾಳಿ 15 ನಾಟ್‌ಗಿಂತ (ಗಂಟೆಗೆ 15 ನಾಟಿಕಲ್ ಮೈಲಿ) ಹೆಚ್ಚಿತ್ತು. 26ರ ಕಡೆಗೆ ಇಳಿಯುವವರಿಗೆ ಅದು ಬೆನ್ನ ಹಿಂದಿನ ಗಾಳಿ. ಅದು ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ, ಅದೇ ಇಳಿಜಾರಿನಲ್ಲಿ ಉಳಿಯಬೇಕಾದರೆ ಇನ್ನೂ ವೇಗವಾಗಿ ಕೆಳಗಿಳಿಯುವಂತೆ ಮಾಡುತ್ತದೆ. ಟವರ್ ಹೇಳುವುದು ನೆಲದ ಗಾಳಿಯನ್ನು. ಇಳಿಯುವ ದಾರಿಯುದ್ದಕ್ಕೂ ಇರುವ ಗಾಳಿಯನ್ನು ಕಾಕ್‌ಪಿಟ್‌ನಲ್ಲಿರುವವರೇ ತಮ್ಮ ಪರದೆಯಲ್ಲಿ ನೋಡಿಕೊಳ್ಳಬೇಕು.

ಮುಂದಿನ ನಾಲ್ಕೈದು ನಿಮಿಷ ಕಾಕ್‌ಪಿಟ್‌ನಲ್ಲಿ ಕೆಲಸ ಸಂತೆಯ ಹಾಗೆ ತುಂಬಿಕೊಂಡಿತು. ರನ್‌ವೇ ಬದಲಾಯಿತೆಂದರೆ ಒಂದು ಅಂಕಿ ಬದಲಾಯಿತೆಂದಲ್ಲ. ಕಂಪ್ಯೂಟರಿನಲ್ಲಿ ಹೊಸ ದಾರಿ ಹಾಕಬೇಕು, ಹಾಕಿದ ದಾರಿಯನ್ನು ನಕ್ಷೆಯೊಂದಿಗೆ ಒಂದೊಂದೇ ಬಿಂದುವಾಗಿ ತಾಳೆ ನೋಡಬೇಕು, ಎಲ್ಲಿಯವರೆಗೆ ಇಳಿದು ನಿರ್ಧಾರ ಮಾಡಬೇಕು ಎಂಬ ಎತ್ತರವನ್ನು ಬದಲಿಸಬೇಕು, ಇಳಿದ ಮೇಲೆ ನಿಲ್ಲಲು ಬೇಕಾದ ಉದ್ದವನ್ನು ಮತ್ತೆ ಲೆಕ್ಕ ಹಾಕಬೇಕು. ಸಹಪೈಲಟ್ ತಲೆ ತಗ್ಗಿಸಿ ಕೀಲಿಗಳನ್ನು ಒತ್ತುತ್ತಿದ್ದ. ನಾನು ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿಗೆ ಅಡ್ಡವಾಗುವ ಹಲಗೆಗಳು) ಎಳೆದು, ಚಕ್ರಗಳನ್ನು ಎಂದಿಗಿಂತ ಮೊದಲೇ ಇಳಿಸಿ, ಎತ್ತರವನ್ನು ಕಳೆಯಲು ಒದ್ದಾಡುತ್ತಿದ್ದೆ. ಹೊರಗೆ ನೋಡುವವರು ಯಾರೂ ಇರಲಿಲ್ಲ ಎಂದರೂ ತಪ್ಪಾಗದು. ಈ ಗಡಿಬಿಡಿಯಲ್ಲಿ 26ರ ಗೋ-ಅರೌಂಡ್ ಬಗ್ಗೆ, ಅಂದರೆ ಇಳಿಯಲಾಗದಿದ್ದರೆ ಯಾವ ದಿಕ್ಕಿಗೆ ತಿರುಗಿ ಎಷ್ಟು ಎತ್ತರಕ್ಕೆ ಏರಬೇಕೆಂಬುದರ ಬಗ್ಗೆ, ನಮ್ಮಿಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ನಾವು ಮಾತಾಡಿಕೊಂಡಿದ್ದು 08ರ ಗೋ-ಅರೌಂಡ್ ಮಾತ್ರ. ವಾಪಸು ಏರುವ ದಾರಿ ತಿಳಿಯದೆ ಇಳಿಯುತ್ತಿದ್ದೆವು ಎಂಬುದು ಇಂದಿಗೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ನೆಲದಿಂದ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವಿಮಾನದ ವೇಗ, ಇಳಿಯುವ ದರ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್, ಎಂಜಿನ್‌ಗಳ ಬಲ ಎಲ್ಲವೂ ಸ್ಥಿರವಾಗಿರಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಸಾಂಬ್ರಾದಲ್ಲಿ ಆ ಹೊತ್ತಿಗೆ ಸಮುದ್ರಮಟ್ಟದಿಂದ ಅಳೆಯುವ ಎತ್ತರ ಸೂಚಕದಲ್ಲಿ 3,500ರ ಆಸುಪಾಸು ಕಾಣುತ್ತದೆ. ಆಗ ನಮ್ಮ ವೇಗ ಇರಬೇಕಾದದ್ದಕ್ಕಿಂತ 25 ನಾಟ್ ಹೆಚ್ಚಿತ್ತು, ಇಳಿಯುವ ದರ ನಿಮಿಷಕ್ಕೆ 1,500 ಅಡಿ, ಅಂದರೆ ಇರಬೇಕಾದದ್ದರ ಎರಡು ಪಟ್ಟು. ಗೋ-ಅರೌಂಡ್ ಎಂದು ಹೇಳಿ ಮೇಲಕ್ಕೆ ಏರಿದೆವು. ದಿಕ್ಕು ಮತ್ತು ಎತ್ತರವನ್ನು ಟವರ್‌ಗೆ ಕೇಳಿ ತಿಳಿದುಕೊಂಡು, ಸುತ್ತು ಹಾಕಿ, ಮೊದಲು ಯೋಚಿಸಿದ್ದ 08ರಲ್ಲಿಯೇ ಇಳಿದೆವು. ಉಳಿಸಲು ಹೋದದ್ದು ಐದಾರು ನಿಮಿಷ, ಕಳೆದದ್ದು ಹದಿನೈದಕ್ಕೂ ಹೆಚ್ಚು.

ವಿಮಾನ ನಿಲ್ಲಿಸಿ ಪ್ರಯಾಣಿಕರೆಲ್ಲ ಇಳಿದ ಮೇಲೆ, ವಿಜಯಪುರ ಕಡೆಯವನಾದ ಆ ಸಹಪೈಲಟ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಸರ್, ಎತ್ತರ ಭಾಳ ಐತಿ ಅಂತ ನನಗ ಮೊದಲೇ ಅನಸಿತ್ತು. ಆದ್ರ ನಿಮ್ಮೂರಲ್ಲರೀ, ನಿಮಗ ಗೊತ್ತಿರತೈತಿ ಅಂತ ಸುಮ್ಮನಾದೆ.” ಅವನನ್ನು ದೂರಲು ನನಗೆ ಬಾಯಿ ಬರಲಿಲ್ಲ. ಕೇಳದೆ ಒಪ್ಪಿಕೊಂಡವನು ನಾನು. ನನ್ನ ಆ ಅವಸರವೇ ಅವನ ಬಾಯಿ ಕಟ್ಟಿತ್ತು.

ಈ ವೃತ್ತಿಯಲ್ಲಿರುವವರೆಲ್ಲ ಓದಲೇಬೇಕಾದ ಘಟನೆಯೊಂದಿದೆ. 1995ರ ಡಿಸೆಂಬರ್ 20ರಂದು ಮಯಾಮಿಯಿಂದ ಕೊಲಂಬಿಯಾದ ಕ್ಯಾಲಿ ನಗರಕ್ಕೆ ಹೊರಟಿದ್ದ ಬೋಯಿಂಗ್ 757 ವಿಮಾನ ತಡವಾಗಿ ಹಾರುತ್ತಿತ್ತು. ಉತ್ತರದಿಂದ ಬಂದು ಊರನ್ನು ದಾಟಿ ತಿರುಗಿ 01ರಲ್ಲಿ ಇಳಿಯಬೇಕಿದ್ದ ಆ ವಿಮಾನಕ್ಕೆ, ಗಾಳಿ ಶಾಂತವಾಗಿದ್ದ ಕಾರಣ 19ಕ್ಕೆ ನೇರವಾಗಿ ಬರುತ್ತೀರಾ ಎಂದು ಕೇಳಲಾಯಿತು, ಅವರು ಒಪ್ಪಿದರು. ಹೊಸ ದಾರಿಯನ್ನು ಹುಡುಕುವ ಅವಸರದಲ್ಲಿ ರೋಸೋ ಎಂಬ ಬಿಂದುವಿಗಾಗಿ ಅವರು ಕಂಪ್ಯೂಟರಿನಲ್ಲಿ ‘ಆರ್’ ಎಂದು ಒತ್ತಿದಾಗ, ಅದು ಬೊಗೊಟಾದ ಸಮೀಪದ ಬೇರೊಂದು ಬಿಂದುವನ್ನು ಹಿಡಿದು ವಿಮಾನವನ್ನು ಎಡಕ್ಕೆ, ಬೆಟ್ಟಗಳ ಕಡೆಗೆ ತಿರುಗಿಸಿತು. ನೆಲ ಹತ್ತಿರವಾಗಿದೆಯೆಂಬ ಎಚ್ಚರಿಕೆ ಬಂದಾಗ ಅವರು ಏರಲು ಯತ್ನಿಸಿದರು, ಆದರೆ ಬೇಗ ಇಳಿಯಲೆಂದು ಎಳೆದಿದ್ದ ಸ್ಪೀಡ್‌ಬ್ರೇಕ್ ಹಾಗೆಯೇ ಉಳಿದಿತ್ತು. 163 ಜನರಲ್ಲಿ 159 ಮಂದಿ ತೀರಿಕೊಂಡರು. ನಾನು ಇದನ್ನು ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದೇ ಬಗೆಯ ಪ್ರಶ್ನೆ ಸಾಂಬ್ರಾದಲ್ಲಿ ನನ್ನ ಕಿವಿಗೆ ಬಿದ್ದಾಗ ಅದು ನೆನಪಾಗಲಿಲ್ಲ, ಏಕೆಂದರೆ ಕ್ಯಾಲಿ ನನ್ನ ಮನಸ್ಸಿನಲ್ಲಿ ದೂರದ ಬೆಟ್ಟಗಳ ಕತೆಯಾಗಿತ್ತು, ಬೆಳಗಾವಿ ನನ್ನ ಊರಾಗಿತ್ತು.

ಅಂದಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಗಿದೆ. ಒಂದೇ ರನ್‌ವೇ ಇರುವ ಊರಿಗೆ ಹೋಗುವಾಗ, ಇಳಿಯಲು ಆರಂಭಿಸುವ ಮೊದಲೇ, ಎತ್ತರದಲ್ಲಿ ನೆಮ್ಮದಿಯಾಗಿರುವಾಗಲೇ, ಎರಡೂ ತುದಿಗಳ ಬ್ರೀಫಿಂಗ್ ಮಾಡುತ್ತೇವೆ. ಎರಡಕ್ಕೂ ನಿಲ್ಲುವ ಉದ್ದದ ಲೆಕ್ಕ ಸಿದ್ಧವಾಗಿರುತ್ತದೆ, ಎರಡನೆಯ ದಾರಿ ಕಂಪ್ಯೂಟರಿನಲ್ಲಿ ಕಾದಿರುತ್ತದೆ, ಎರಡರ ಗೋ-ಅರೌಂಡನ್ನೂ ಗಟ್ಟಿಯಾಗಿ ಹೇಳಿಕೊಂಡಿರುತ್ತೇವೆ. ಟವರ್ ಕೇಳಿದಾಗ ಮೊದಲು ನನ್ನಿಂದ ಹೊರಡುವ ಮಾತು ‘ಸ್ಟ್ಯಾಂಡ್‌ಬೈ’, ಅಂದರೆ ಸ್ವಲ್ಪ ತಾಳಿ. ಆಮೇಲೆ ಸಹಪೈಲಟ್‌ನನ್ನು ಕೇಳುತ್ತೇನೆ, ಅದೂ ನನ್ನ ಅಭಿಪ್ರಾಯ ಹೇಳುವ ಮುನ್ನ. ಕ್ಯಾಪ್ಟನ್ ಮೊದಲು ಬಾಯಿ ಬಿಟ್ಟರೆ ನಮ್ಮ ಕಡೆಯ ಹುಡುಗರು ಹಿರಿಯರ ಮಾತು ಮೀರುವುದು ಕಡಿಮೆ. ಇದು ಅವರ ತಪ್ಪಲ್ಲ, ನಾವು ಬೆಳೆಸಿದ ರೀತಿ. ಲೆಕ್ಕದಲ್ಲಿ ಮೈಲಿಗಳು ಸಾಲದಿದ್ದರೆ ಒಂದೋ ಆಗುವುದಿಲ್ಲ ಎನ್ನುತ್ತೇವೆ, ಇಲ್ಲವೇ ಬರುತ್ತೇವೆ, ಆದರೆ ಹತ್ತು ಮೈಲಿ ಹೆಚ್ಚು ಬೇಕು ಎಂದು ಕೇಳುತ್ತೇವೆ. ಈ ಎರಡನೆಯ ಉತ್ತರವನ್ನು ಎಷ್ಟೋ ಪೈಲಟ್‌ಗಳು ಬಳಸುವುದೇ ಇಲ್ಲ. ನಾನು ಕೇಳಿದಾಗಲೆಲ್ಲ ಸಿಕ್ಕಿದೆ.

ನೆಲದಿಂದ ಸುಮಾರು 3,000 ಅಡಿಗಿಂತ ಕೆಳಗೆ ಬಂದ ಮೇಲೆ ಮಾತ್ರ ಯಾವ ಬದಲಾವಣೆಯನ್ನೂ ಒಪ್ಪುವುದಿಲ್ಲ. ಇದು ನಾನು ನನಗಾಗಿ ಹಾಕಿಕೊಂಡ ಗೆರೆ. ಗಾಳಿ ನಿಜವಾಗಿಯೂ ತಿರುಗಿ, ಇಳಿಯುತ್ತಿರುವ ತುದಿ ಬೇಡವಾಗಿದ್ದರೆ ಏರಿ ಮತ್ತೆ ಬರುತ್ತೇವೆ. ಇಂಧನ ವ್ಯರ್ಥವಾಗುತ್ತದೆ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಹತ್ತು ಮೈಲಿ ಎಂದರೆ ಮೂರು ನಿಮಿಷದ ಹಾರಾಟ, ಮತ್ತು ಆ ಮೂರು ನಿಮಿಷದ ಇಂಧನವನ್ನು ಈಗ ನಾನು ಬೆಂಗಳೂರಿನಿಂದ ಹೊರಡುವಾಗಲೇ ಲೆಕ್ಕಕ್ಕೆ ಹಿಡಿದಿರುತ್ತೇನೆ.

ಕಳೆದ ಚಳಿಗಾಲದಲ್ಲಿ ಅದೇ ಹೊತ್ತು, ಅದೇ ದಿಕ್ಕು, ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಪಕ್ಕದಲ್ಲಿದ್ದವಳು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರದ ಸಹಪೈಲಟ್. ಪರದೆಯ ಮೇಲಿನ ಗಾಳಿಯನ್ನು ನೋಡಿ, ಬೆರಳಿನಲ್ಲಿ ಮೈಲಿ ಎಣಿಸಿ, “ಬೇಡ ಸರ್, 08ಕ್ಕೇ ಹೋಗೋಣ” ಎಂದಳು. ನಾವು ಊರನ್ನು ಸುತ್ತಿ ಬಂದು 08ರಲ್ಲಿ ಇಳಿದೆವು.